ಒದ್ದೆ ಚೆಂಡು

ಕೈಗೆ ಇನ್ನೂ ಸ್ಯಾನಿಟೈಸರ್ ವಾಸನೆ ಅಂಟಿಕೊಂಡಿದೆಯೇನೋ ಎಂಬ ಅನುಮಾನ ಗಾನವಿಯನ್ನು ಬಿಟ್ಟಿರಲಿಲ್ಲ. ಪಂದ್ಯಗಳು ಮುಗಿದು ವಾರಗಳೇ ಆಗಿದ್ದವು. ಆದರೂ ಕಾಫಿ ಲೋಟ ಬಾಯಿಗೆ ಒಯ್ಯುವ ಮೊದಲು ಬೆರಳು ಮೂಸಿ ನೋಡುವಂತಾಗುತ್ತಿತ್ತು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ, ಯಾಕೆ ಹಾಗನ್ನಿಸುತ್ತೆ ಎಂದು ಕೇಳಿಯಾರು.

ನೆದರ್ಲೆಂಡ್ಸಿನ ಬೆಸ್ಟ್ ಎಂಬ ಊರಿನಲ್ಲಿ, ಅಕ್ಕನ ಮನೆಯ ಹಿತ್ತಲಲ್ಲಿ ಭಾವ ನಂಜುಂಡಸ್ವಾಮಿಯೂ ಅವರ ಗೆಳೆಯ ಪ್ರಕಾಶನೂ ಒಂದೂವರೆ ಮೀಟರ್ ಅಂತರ ಬಿಟ್ಟು ಕುಳಿತು ವಾದಕ್ಕಿಳಿದಿದ್ದರು. ಈ ವರ್ಷದ ಲೀಗಿನ ಅತ್ಯಮೂಲ್ಯ ಆಟಗಾರ ಯಾರು? ಗಯಾಸ್‌ನೋ, ಅನಿರುದ್ಧನೋ? ನಡುವಿನ ಮೇಜಿನ ಮೇಲೆ ಬಹುಮಾನದ ಮರದ ಬ್ಯಾಟು ಮಲಗಿತ್ತು. ಅದರ ಮೇಲೆ ಕೆತ್ತಬೇಕಾದ ಹೆಸರನ್ನು ಸಂಜೆಯೊಳಗೆ ಅಂಗಡಿಗೆ ತಿಳಿಸಬೇಕಿತ್ತು.

ಕ್ರಿಕೆಟ್ ಮೈದಾನ ಸಿಗದ ಆ ಕೊರೋನಾ ಬೇಸಿಗೆಯಲ್ಲಿ ಡಚ್ ಕ್ಲಬ್ಬೊಂದು ತನ್ನ ಬೇಸ್‌ಬಾಲ್ ಮೈದಾನ ಬಿಟ್ಟುಕೊಟ್ಟಿತ್ತು. ಸುತ್ತಮುತ್ತಲ ಕನ್ನಡಿಗರು ನಾಲ್ಕು ತಂಡ ಕಟ್ಟಿಕೊಂಡು ಬೇಸ್‌ಬಾಲನ್ನೇ ಆಡತೊಡಗಿದರು. ಮೊದಲ ಪಂದ್ಯದಲ್ಲಿ ಅರ್ಧಕ್ಕರ್ಧ ಜನ ಹೊಡೆದ ಮೇಲೂ ಬ್ಯಾಟು ಬಿಸಾಡದೆ ಕೈಯಲ್ಲೇ ಹಿಡಿದು ಓಡಿ, ಕ್ರೀಸು ಮುಟ್ಟುವಂತೆ ಅದನ್ನು ಬೇಸಿನ ಮೇಲೆ ಊರಿ ನಿಂತಿದ್ದರು. ಡಚ್ ಅಂಪೈರು ನಕ್ಕೂ ನಕ್ಕೂ ಮಾಸ್ಕು ಸರಿಮಾಡಿಕೊಂಡಿದ್ದ. ಡೆಲ್ಫ್ಟ್‌ನಲ್ಲಿ ಓದು ಮುಗಿಸಿ, ಕೆಲಸ ಸಿಗದೆ ಪದ್ಮಿನಿ ಅಕ್ಕನ ಮನೆ ಸೇರಿದ್ದ ಗಾನವಿಗೆ, ಲೀಗು ನಡೆಸುತ್ತಿದ್ದ ಭಾವ ಒಂದು ಕೆಲಸ ಒಪ್ಪಿಸಿದ್ದರು: ಗೆರೆಯಾಚೆ ಕುಳಿತು, ಸ್ಯಾನಿಟೈಸರಿನಿಂದ ಚೆಂಡು ಒರೆಸಿ ಕೊಡುವುದು. ಎಲ್ಲ ಪಂದ್ಯ ನೋಡಿದವಳು ಅವಳೊಬ್ಬಳೇ ಎಂದು ಇವತ್ತು ಮೂರನೆಯ ಮತವೂ ಅವಳದೇ ಆಗಿತ್ತು.

ಅನಿರುದ್ಧ ಮೊದಲಿನಿಂದ ಕೊನೆಯವರೆಗೂ ಒಂದೇ ಹದದಲ್ಲಿ ಎಸೆದ, ಮೇಲಾಗಿ ಬ್ಯಾಟಿಂಗೂ ಮಾಡಿದ ಎಂಬುದು ಪ್ರಕಾಶನ ವಾದ. ಭಾವ ಗಯಾಸ್‌ನ ಮೊದಲ ಮೂರು ಪಂದ್ಯಗಳನ್ನು ಧಾರಾಳವಾಗಿ ಹೊಗಳಿದರು. ಆಮೇಲೆ ಕಾಫಿ ಹೀರಿ, "ಹುಲಿ ಥರ ಎಸೆದ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ? ನಾಲ್ಕು ಬಾಲ್ ದಿಕ್ಕಾಪಾಲು, ಎದುರಿನವರಿಗೆ ಒಂದು ಬೇಸ್ ಫ್ರೀ. ಬಿಎಂಟಿಸಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ ಹಾಗೆ ಕೊಟ್ಕೊಂಡು ಹೋದ," ಎಂದರು. ಪ್ರಕಾಶ ನಕ್ಕ. ಗಾನವಿಯೂ ನಕ್ಕಳು. ನಕ್ಕದ್ದು ತನ್ನ ಕಿವಿಗೇ ಬಿದ್ದಾಗ ಅವಳ ಮುಖ ಬಿಸಿಯಾಯಿತು.

ಆ "ಆಮೇಲೆ" ಶುರುವಾದದ್ದು ಯಾವಾಗ ಎಂದು ಅವಳಿಗೆ ಗೊತ್ತಿತ್ತು. ಪಂದ್ಯಗಳು ಶುರುವಾಗುವ ಮೊದಲೇ, ಏಪ್ರಿಲ್‌ನಲ್ಲಿ, ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಊರಿಂದ ಒಂದು ವಿಡಿಯೋ ಬಂದಿತ್ತು. ಸಾಬರೇ ರೋಗ ಹಬ್ಬಿಸುತ್ತಿದ್ದಾರೆ ಎಂದು ಯಾರೋ ಅದರಲ್ಲಿ ಕೂಗಾಡುತ್ತಿದ್ದರು. ಗಯಾಸ್ ಇರುವ ಗುಂಪೇ ಅದು. ಯಾರೂ ಏನೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ. ನಾಲ್ಕನೆಯ ಪಂದ್ಯದ ದಿನ ಭಾವ ಅವಳ ಪಕ್ಕ ಬಂದು ಸ್ಯಾನಿಟೈಸರಿನ ದೊಡ್ಡ ಬಾಟಲಿಯೊಂದನ್ನು ಇಟ್ಟು, ಗಯಾಸ್ ಎಸೆಯುವಾಗ ಎರಡು ಚೆಂಡು ಇಟ್ಟುಕೊಂಡು ಒಂದಾದ ಮೇಲೊಂದು ಒರೆಸಿ ಕೊಡುತ್ತಿರು ಎಂದು ಹೇಳಿ ಹೋದರು. ಉಳಿದವರಿಗೆ ಎಂದಿನಂತೆ ಸರದಿಗೊಮ್ಮೆ ಒರೆಸಿದರಾಯಿತು. ಯಾಕೆ ಎಂದು ಅವಳು ಕೇಳಲಿಲ್ಲ. ಆ ವಿಡಿಯೋವನ್ನು ಅವಳು ನಂಬಿರಲಿಲ್ಲ; ಅವಳ ಕೈ ನಂಬಿತ್ತು.

ಮೊದಲ ಸಲ ಒದ್ದೆ ಚೆಂಡು ಕೈಗೆ ಬಂದಾಗ ಗಯಾಸ್ ಅದನ್ನು ನೋಡಿದ, ಅವಳನ್ನು ನೋಡಿದ, ಪ್ಯಾಂಟಿಗೆ ಉಜ್ಜಿಕೊಂಡ. ಉಜ್ಜಿದಷ್ಟೂ ಜಾರುತ್ತಿತ್ತು. ಅಷ್ಟರಲ್ಲಿ ಅವಳ ಮಡಿಲಲ್ಲಿ ಇನ್ನೊಂದು ಒದ್ದೆಯಾಗಿ ಕಾದಿರುತ್ತಿತ್ತು. ಮುಂದಿನ ಪಂದ್ಯಗಳಲ್ಲಿ ಅವನೇ ಗೆರೆಯವರೆಗೆ ಬಂದು, ಅವಳು ಏಳಬೇಕಾಗದಂತೆ ಅಂಗೈ ಚಾಚಿ, "ಥ್ಯಾಂಕ್ಸ್ ಗಾನವಿ" ಎನ್ನುತ್ತಿದ್ದ. ಪ್ರತಿ ಸಲವೂ ಅನ್ನುತ್ತಿದ್ದ. ಮೈದಾನದಲ್ಲಿದ್ದವರೆಲ್ಲ ನೋಡುತ್ತಿದ್ದರು.

"ನೀನೇನಂತೀಯಮ್ಮ?" ಭಾವ ಕೇಳಿದರು. "ಹತ್ತಿರದಿಂದ ನೋಡಿದೋಳು ನೀನು."

ಒಳಗಿನಿಂದ ಅಕ್ಕ ಮಿಕ್ಸಿ ಹಾಕಿದ ಸದ್ದು ಬಂತು. ಅದು ನಿಲ್ಲುವವರೆಗೂ ಗಾನವಿ ಕಾದಳು. ಉಣ್ಣುತ್ತಿರುವುದು ಇವರ ಮನೆಯ ಅನ್ನ ಎಂಬುದು ಅಷ್ಟು ಹೊತ್ತಿನಲ್ಲಿ ಎರಡು ಸಲ ನೆನಪಾಯಿತು. "ನೀವು ಹೇಳಿದ ಹಾಗೇ ಭಾವ," ಎಂದಳು.

"ಹಾಗಾದ್ರೆ ಅನಿರುದ್ಧನೇ," ಎಂದ ಪ್ರಕಾಶ. ಗಯಾಸ್ ಬೇರೆಯವರ ಬಾಯಿಂದ ಕೇಳಿ ಬೇಜಾರು ಮಾಡಿಕೊಳ್ಳುವುದು ಬೇಡವೆಂದು ಭಾವ ಆಗಲೇ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಬ್ಯಾಟಿನ ಪಕ್ಕ ಇಟ್ಟರು. ವಿಷಯ ಹೇಳಿದರು. ಅವನು ಸೈಕಲ್ಲಿನ ಮೇಲಿದ್ದ; ಮಾತಿನ ಜೊತೆ ಗಾಳಿಯ ಸದ್ದೂ ಬರುತ್ತಿತ್ತು.

"ಸರಿಯಾಗೇ ಇದೆ ಬಿಡಿ ಸರ್," ಎಂದ ಗಯಾಸ್. "ಅನಿರುದ್ಧ ಚೆನ್ನಾಗಿ ಆಡಿದ. ನನ್ನ ಕೈಯೇ ಯಾಕೋ ಕೊನೆಕೊನೆಗೆ ಜಾರ್ತಾ ಇತ್ತು."

"ಫಾರ್ಮ್ ಅನ್ನೋದು ಹಾಗೇನೇ ಕಣಪ್ಪ, ಬರುತ್ತೆ ಹೋಗುತ್ತೆ. ಮುಂದಿನ ವರ್ಷ ನೋಡೋಣ," ಎಂದು ಭಾವ ಫೋನಿಡಲು ಬೆರಳು ಚಾಚಿದರು.

ಗಾನವಿ ಫೋನನ್ನು ತನ್ನತ್ತ ಎಳೆದುಕೊಂಡಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ನಿಮ್ಮ ಕೈ ಜಾರಲಿಲ್ಲ ಗಯಾಸ್. ನಿಮಗೆ ಮಾತ್ರ ನಾನು ಚೆಂಡನ್ನ ಒದ್ದೆ ಮಾಡಿ ಕೊಡ್ತಿದ್ದೆ."