ಬಲ ಪಕ್ಕೆ

"ಹಿಂದೆ ಯಾವಾಗಲಾದರೂ ಟಿ.ಬಿ. ಬಂದಿತ್ತಾ? ಎದೆಯಲ್ಲಿ ನೀರು ತುಂಬಿ ತೆಗೆಸಿದ್ದುಂಟಾ?" ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರ್ ನಯನ ಕೇಳಿದ್ದು ಇಂದ್ರಮ್ಮನನ್ನು. ಉತ್ತರ ಕೊಟ್ಟದ್ದು ಗಂಡ ಚಿಕ್ಕಣ್ಣ.

"ಅಂಗೇನೂ ಇಲ್ಲ ಡಾಕ್ಟ್ರೇ. ಮದ್ವೆಗ್ ಮುಂಚೆ ನಮ್ಮವ್ವ ಇವ್ಳ ತವ್ರು ಮಳವಳ್ಳಿಗೋಗಿ ಎಲ್ಲಾ ಇಚಾರ್ಸ್ಕಂಡು ಬಂದಿದ್ಲು."

ಇಂದ್ರಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಸೋರುತ್ತಿದ್ದ ಹೃದಯದ ವಾಲ್ವನ್ನು ಸರಿಮಾಡಲು ಸೋಮವಾರ ನಿಗದಿಯಾಗಿತ್ತು. ಎದೆಮೂಳೆ ಸೀಳುವುದಿಲ್ಲ, ಬಲ ಪಕ್ಕೆಯಲ್ಲಿ ನಾಲ್ಕು ಬೆರಳಗಲ ಕುಯ್ದರೆ ಸಾಕು ಎಂದು ಕೇಳಿದ ದಿನ, ಬೆಸಗರಹಳ್ಳಿಗೆ ಹಿಂತಿರುಗುವ ಬಸ್ಸಿನಲ್ಲಿ ಚಿಕ್ಕಣ್ಣ ಗುರುತಿಲ್ಲದವರಿಗೂ ಅದನ್ನೇ ಹೇಳಿದ್ದ. ಮೂಳೆ ಸೀಳುವ ಮಾತೆತ್ತಿದರೆ ಅವನು ಬೇಡವೆಂದು ಕೈ ಅಡ್ಡ ಹಿಡಿಯುತ್ತಿದ್ದ.

ಡಾಕ್ಟರು ಸ್ಕ್ಯಾನಿನ ಮೇಲೆ ಪೆನ್ನಿಟ್ಟರು. "ಇಲ್ಲೊಂದು ಸಣ್ಣ ಗೀಟು ಇದೆ. ಏನೂ ಅಲ್ಲದೆಯೂ ಇರಬಹುದು. ಆದರೆ ಪಕ್ಕೆಯಿಂದ ಒಳಗೆ ಹೋಗಬೇಕಾದರೆ ಈ ಕಡೆ ಶ್ವಾಸಕೋಶದ ಗಾಳಿ ತೆಗೆದು ಸರಿಸಬೇಕು. ಹಳೇ ಕಾಯಿಲೆಯಿಂದ ಅದು ಪಕ್ಕೆಗೆ ಅಂಟಿಕೊಂಡಿದ್ದರೆ, ಬಿಡಿಸೋವಾಗ ಹರಿಯುತ್ತೆ. ನೀವೇ ಹೇಳಿ, ಇಂದ್ರಮ್ಮ."

"ಇಲ್ಲ ಅಂತ ಯೋಳು," ಅಂದ ಚಿಕ್ಕಣ್ಣ.

ಇಂದ್ರಮ್ಮನ ಹತ್ತೊಂಬತ್ತನೇ ವಯಸ್ಸಿನಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದಿದ್ದರು. ಆರು ತಿಂಗಳು ಮಾತ್ರೆ. 'ಗುಣ ಆಯ್ತಲ್ಲ, ಸಾಯೋಗಂಟ ಬಾಯಿ ಬುಡ್ಬ್ಯಾಡ' ಎಂದು ಅವಳ ತಾಯಿ ತನ್ನ ತಲೆ ಮುಟ್ಟಿಸಿಕೊಂಡು ಆಣೆ ಹಾಕಿಸಿದ್ದಳು. ಈಗಲೂ ಇಲ್ಲ ಎಂದುಬಿಟ್ಟರೆ ಮುಗಿಯಿತು. ಆದರೆ ಸೋಮವಾರ ಕುಯ್ಯುವಾಗ ತಾನೇ ಮುಗಿದುಹೋಗಬಹುದು.

"ಬಂದಿತ್ತು," ಅಂದಳು. "ಮದ್ವೆಗೆ ಎರಡು ವರ್ಸ ಮುಂಚೆ. ನೀರೂ ತೆಗ್ದಿದ್ರು. ಬಲಗಡೇಲೇ."

"ಹೇಳಿದ್ದು ಒಳ್ಳೇದಾಯ್ತು. ಎದೆ ಮಧ್ಯ ತೆರೆದೇ ಮಾಡೋಣ, ನಿಮಗೆ ಅದೇ ಕ್ಷೇಮ," ಎನ್ನುತ್ತ ಡಾಕ್ಟರು ಬೇರೆ ಒಪ್ಪಿಗೆ ಪತ್ರ ತೆಗೆದರು. ಚಿಕ್ಕಣ್ಣ ಅವಳತ್ತ ತಿರುಗದೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದ. ಇಂದ್ರಮ್ಮ ಒಬ್ಬಳೇ ರುಜು ಹಾಕಿದಳು.

ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಳು. ಬಿಟ್ಟು ಊರಿಗೆ ಹೋಗಿಬಿಟ್ಟನೇನೋ ಎಂದುಕೊಳ್ಳುವಷ್ಟರಲ್ಲಿ ಅವನು ಒಂದೇ ಒಂದು ಲೋಟ ಟೀ ಹಿಡಿದು ಬಂದ. ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಅವಳು ಅರ್ಧ ಕುಡಿದಾಗ ಅವನು ಕೇಳಿದ:

"ಅದಕೇಯಾ ನಿನ್ನ ತಟ್ಟೆ ಲೋಟ ಯಾವತ್ತೂ ಬ್ಯಾರೆ ಮಡೀಕತಿದ್ದದ್ದು?"

"ಗುಣ ಆಗಿತ್ತು. ಆದ್ರೂ ನಿಮಗೆ ಅಂಟ್ಬುಟ್ರೆ ಅಂತ ಭಯ."

"ನನ್ ಕಂಡ್ರೆ ನಿಂಗೆ ಹೇಸ್ಗೆ ಅಂದ್ಕಂಡಿದ್ದೆ ಕಣಮ್ಮಿ. ಇಪ್ಪತ್ತಾರು ವರ್ಸ."

ಉಳಿದರ್ಧ ಕುಡಿಯಲು ಅವನು ಅವಳ ಲೋಟದತ್ತ ಕೈ ಚಾಚಿದ. ಇಂದ್ರಮ್ಮನ ಕೈ ತಾನಾಗಿಯೇ ಹಿಂದೆ ಸರಿಯಿತು. ಅವನು ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ.