ಪೆಪ್ಪರಿನ ಉಗುರು

ಪಕ್ಕದ ಮನೆಯ ಏರ್ಲ್ ಎತ್ತಿಕೊಳ್ಳಲು ಕೈ ಚಾಚಿದ್ದೇ ತಡ, ಪೆಪ್ಪರ್ ಲೊರೆಟ್ಟಾಳ ಸ್ವೆಟರಿಗೆ ಉಗುರು ನಾಟಿಸಿ ಅಂಟಿಕೊಂಡಿತು. ಒಂಬತ್ತು ವರ್ಷ ಅವಳ ಮಡಿಲಲ್ಲೇ ಮಲಗಿದ ಬೆಕ್ಕು.

"ಇನ್ನೊಂದ್ಸಲ ಯೋಚ್ನೆ ಮಾಡು ಲೊರೆಟ್ಟಾ," ಅಂದ ಏರ್ಲ್. "ಉಗುರು ತೆಗೆಸಿದ್ರೆ ಬೆಕ್ಕನ್ನ ಇಟ್ಕೋಬಹುದು ಅಂತ ಹೊಸ ಮನೆ ಓನರ್ರೇ ಹೇಳಿದಾನಲ್ಲ. ನಮ್ಮಕ್ಕನೂ ಅವಳ ಬೆಕ್ಕಿಗೆ ತೆಗೆಸಿದ್ಲು. ಚೆನ್ನಾಗೇ ಇದೆ."

"ಬರೀ ಉಗುರಲ್ಲಪ್ಪಾ, ಬೆರಳಿನ ತುದಿ ಗೆಣ್ಣನ್ನೇ ಕತ್ತರಿಸ್ತಾರೆ. ಅವನ ಕಾರ್ಪೆಟ್ ಉಳಿಸೋಕೆ ಇವಳ ಬೆರಳು ಕೊಡ್ಲಾ?"

"ಸರಿ ಬಿಡು. ನನ್ನ ಸೋಫಾ ಹೇಗೂ ಹರಿದೇ ಇದೆ. ಇವಳು ಬಂದು ಇನ್ನೇನು ಹಾಳು ಮಾಡ್ತಾಳೆ."

ಲೊರೆಟ್ಟಾ ನಕ್ಕಂತೆ ಮಾಡಿ, ಒಂದು ಉಗುರನ್ನು ಮೆಲ್ಲಗೆ ಬಿಡಿಸಿದಳು. ಇನ್ನೊಂದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಉಣ್ಣೆಗೆ ಸಿಕ್ಕಿಕೊಂಡಿತು. ಎಳೆಗಳು ಕಿತ್ತು ಬಂದವು. ಬೀದಿಯಲ್ಲಿ ಸಾಮಾನು ತುಂಬಿದ ಟ್ರಕ್ ಹಾರ್ನ್ ಹೊಡೆಯಿತು. ಏರ್ಲ್ ಅವಳ ಮುಖ ನೋಡಲಾರದೆ ತನ್ನ ಬೂಟು ನೋಡುತ್ತ ನಿಂತ.

ಕೊನೆಗೆ ಲೊರೆಟ್ಟಾ ಬಿಡಿಸುವುದನ್ನೇ ನಿಲ್ಲಿಸಿದಳು. ಸ್ವೆಟರಿನ ಗುಂಡಿ ಬಿಚ್ಚಿ, ಒಂದೊಂದೇ ತೋಳು ಜಾರಿಸಿಕೊಂಡು, ಬೆಕ್ಕನ್ನೂ ಸ್ವೆಟರನ್ನೂ ಒಟ್ಟಿಗೇ ಏರ್ಲ್‌ನ ಎದೆಗೆ ಒಪ್ಪಿಸಿದಳು. ಓಹಾಯೊದ ಜನವರಿ ಚಳಿಯಲ್ಲಿ ತೆಳು ಅಂಗಿಯಲ್ಲೇ ಟ್ರಕ್ಕಿನ ಕಡೆ ನಡೆದಳು. ಪೆಪ್ಪರ್ ಇನ್ನೂ ಆ ಸ್ವೆಟರನ್ನು ಬಿಗಿಯಾಗಿ ಹಿಡಿದೇ ಇತ್ತು.