ಹೆಗಲಿನ ದಾರ

ಜಯಶೀಲಾಳ ಹೆಗಲು ಪದೇ ಪದೇ ಜಾರುತ್ತಿತ್ತು. ಒಳಗೆ ಹರಿದಿದ್ದ ಮೃದ್ವಸ್ಥಿಯನ್ನು ಡಾಕ್ಟರು ಎಲ್ಲರಿಗೂ ಹಾಕುವ ಮಾತಾಡುವ ದಾರದಿಂದಲೇ ಹೊಲಿದರು. ಕೈ ಎತ್ತಿದರೆ ಸಾಕು, "ಅಕ್ಕಾ, ಬಿಗಿ ಹಿಡೀಲಾ?" ಎಂದು ಅದು ಕೇಳುತ್ತದೆ. ಬೇಡವೆನ್ನದಿದ್ದರೆ ಕೈಯನ್ನು ಕಟ್ಟಿಹಾಕುತ್ತದೆ.

"ರೇಡ್‌ನಲ್ಲಿ ಕಬಡ್ಡಿ ಬಿಟ್ಟು ಬೇರೆ ಮಾತಾಡಿದ್ರೆ ಔಟು. ನಿನ್ನ ಆಟ ಮುಗೀತು ಕಣಮ್ಮ," ಎಂದರು ಕೋಚ್.

ಅವಳು ಬಿಡಲಿಲ್ಲ. ಜಡೆ ಹಾಕುವಾಗ, ಬಟ್ಟೆ ಒಣಹಾಕುವಾಗ, ದಾರ ಕೇಳಿದಾಗಲೆಲ್ಲ "ಬೇಡ, ಕಬಡ್ಡಿ" ಎಂದಳು. ಬರುಬರುತ್ತಾ ಬರೀ "ಕಬಡ್ಡಿ" ಎಂದಳು.

ಫೈನಲ್‌ನ ಕೊನೆಯ ರೇಡ್. "ಹೊಲಿಗೆ ಹೆಗಲು ಬಂತು, ಹಿಡ್ಕಳ್ರೇ!" ಎಂದು ಕೂಗಿ ಎದುರಾಳಿಗಳು ಕಾಲು ಹಿಡಿದು ಕೆಡವಿದರು. ನಡುಗೆರೆ ಒಂದು ಕೈಯಳತೆ ದೂರವಿತ್ತು. ಅವಳು ಅದೇ ಕೈ ಚಾಚಿದಳು.

"ಅಕ್ಕಾ, ಬಿಗಿ ಹಿಡೀಲಾ?"

"ಕಬಡ್ಡಿ ಕಬಡ್ಡಿ ಕಬಡ್ಡಿ!"

"ಆಯ್ತಕ್ಕಾ, ಬಿಟ್ಟೆ," ಎಂದಿತು ದಾರ.

ನೋವಿಗೆ ಕಣ್ಣು ಕತ್ತಲಿಟ್ಟಿತು. ಬೆರಳು ಗೆರೆ ಮುಟ್ಟಿತು.